ಬಹುಮಾನದ ದುಡ್ಡಿಲ್ಲದೆ, ಭಾನುವಾರವೇ, ಪಂಗಡ ಬೆರೆಸಿ: ಚರ್ಚ್ ವಾಲಿಬಾಲ್ ಲೀಗ್, ನನ್ನ ಅನುಭವ

ಕ್ಯಾಶ್ ಪ್ರೈಜ್ ಇಲ್ಲದ ಟೂರ್ನಮೆಂಟಿಗೆ ಸಿಂಧನೂರು ಕಡೆ ಒಂದು ಟೀಮೂ ಬರಲ್ಲ. ಭಾನುವಾರ ಆಡಿಸಿದರೆ ಚರ್ಚ್ ಸಭೆಯ ಹಿರಿಯರು ಬಿಡಲ್ಲ. ಮೆಥಡಿಸ್ಟ್, ಕಥೋಲಿಕ, ಪೆಂತೆಕೋಸ್ತು ಹುಡುಗರನ್ನು ಒಂದೇ ಟೀಮಿಗೆ ಹಾಕಿದರೆ ಮೂರನೇ ವಾರಕ್ಕೆ ಒಡೆದುಹೋಗುತ್ತದೆ. ಲೀಗ್ ವಿಷಯ ಎತ್ತಿದಾಗಲೆಲ್ಲ ಈ ಮೂರು ಮಾತು ಕೇಳಿಬರುತ್ತಿದ್ದವು. ಈಗ ಆ ಮೂರನ್ನೂ ಒಟ್ಟಿಗೇ ಇಟ್ಟುಕೊಂಡು ಎಂಟು ಟೀಮಿನ ಲೀಗ್ ವಾಕ್‌ಓವರ್ ಇಲ್ಲದೆ, ಅಂದರೆ ಬಾರದೆ ಪಂದ್ಯ ಬಿಟ್ಟುಕೊಟ್ಟ ಟೀಮೇ ಇಲ್ಲದೆ, ಮುಗಿಯುತ್ತಿದೆ. ಬೇಡ ಅಂದವರೇ ಮುಂದಿನ ಸೀಸನ್ನಿಗೆ ತಮ್ಮ ಸಭೆಯ ಹೆಸರು ಬರೆಸುತ್ತಿದ್ದಾರೆ. ಹೇಗಾಯಿತು ಅಂತ ಕೇಳುವ ಯೂತ್ ಲೀಡರುಗಳಿಗೆ, ಪಿಇ ಮಾಸ್ತರರಿಗೆ ಇದು. ವಾಲಿಬಾಲ್ ರೂಲ್ಸು, ಬೈಬಲ್ ವಾಕ್ಯದ ವಿವರಣೆ ಎರಡೂ ನಿಮಗೆ ಗೊತ್ತಿರುವುದೇ, ಅದಕ್ಕೆ ಕೈ ಹಾಕುವುದಿಲ್ಲ.

ಮೊದಲು ತಾರೀಕು. ನಮ್ಮ ಕಡೆ ಎಲ್ಲರೂ ಡಿಸೆಂಬರಿಗೆ ಟೂರ್ನಮೆಂಟ್ ಇಡುತ್ತಾರೆ, ಎಲ್ಲರದ್ದೂ ಅಲ್ಲೇ ಕೆಡುತ್ತದೆ. ಆಡುವ ಹುಡುಗರೇ ಕ್ಯಾರಲ್ಸಿಗೆ ತಬಲಾ, ಕೀಬೋರ್ಡ್ ಬಾರಿಸುವವರು. ರಾತ್ರಿ ಒಂದರ ತನಕ ಮನೆ ಮನೆ ಸುತ್ತಿ ಬಂದವರಿಂದ ಮಧ್ಯಾಹ್ನ ಬ್ಲಾಕಿಗೆ, ಅಂದರೆ ನೆಟ್ಟಿನ ಹತ್ತಿರ ಹಾರಿ ಬಾಲ್ ತಡೆಯುವುದಕ್ಕೆ, ಕಾಲು ಏಳುವುದಿಲ್ಲ. ಅದೇ ಹೊತ್ತಿಗೆ ಕಾಲುವೆ ಭಾಗದಲ್ಲಿ ಭತ್ತದ ಕೊಯ್ಲು, ಟ್ರ್ಯಾಕ್ಟರ್ ಓಡಿಸುವ ಹುಡುಗರು ಸಿಗುವುದೇ ಇಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆಯಿಂದ ಬರುವವರದ್ದು ಶಿಫ್ಟಿನ ಕಥೆ. ಈಸ್ಟರ್ ಆದಮೇಲೆ ಇಟ್ಟರೆ ಬಳ್ಳಾರಿ, ರಾಯಚೂರಿನ ಬಿಸಿಲು 40 ಡಿಗ್ರಿ ದಾಟಿರುತ್ತದೆ. ಉಳಿಯುವುದು ಹೊಸ ವರ್ಷದಿಂದ ಬೂದಿ ಬುಧವಾರದ (ಈಸ್ಟರಿಗೆ ಮುಂಚಿನ ಉಪವಾಸ ಕಾಲ ಶುರುವಾಗುವ ದಿನ) ತನಕ ಇರುವ ಭಾನುವಾರಗಳು ಮಾತ್ರ. ಎಷ್ಟು ಸಿಗುತ್ತವೆ ಅನ್ನುವುದು ಈಸ್ಟರ್ ಯಾವಾಗ ಬರುತ್ತದೆ ಅನ್ನುವುದರ ಮೇಲೆ. 2024ರಲ್ಲಿ ಬೂದಿ ಬುಧವಾರ ಫೆಬ್ರವರಿ 14ಕ್ಕೆ ಬಂದಿತ್ತು, ಆರು ಭಾನುವಾರ. 2025ರಲ್ಲಿ ಮಾರ್ಚ್ 5, ಒಂಬತ್ತು. 2026ರಲ್ಲಿ ಫೆಬ್ರವರಿ 18, ಏಳು. ಅದಕ್ಕೇ ಫಿಕ್ಸ್ಚರ್ ಹಾಕುವಾಗ ಬೂದಿ ಬುಧವಾರದಿಂದ ಹಿಂದಕ್ಕೆ ಎಣಿಸಬೇಕು. ಹಾಗೆ ಎಣಿಸುವಾಗ ಕೊಪ್ಪಳದ ಗವಿಮಠದ ಜಾತ್ರೆಯ ಭಾನುವಾರವನ್ನು ಖಾಲಿ ಬಿಡಿ. ಕ್ರೈಸ್ತ ಹುಡುಗರೂ ಹೋಗುತ್ತಾರೆ, ತಡೆಯುವುದಕ್ಕೆ ಹೋದರೆ ಟೀಮೇ ಬರುವುದಿಲ್ಲ.

ಹೊತ್ತು ಮಧ್ಯಾಹ್ನ 3ಕ್ಕೆ. ಕಥೋಲಿಕರ ಪೂಜೆ ಬೆಳಿಗ್ಗೆ ಬೇಗ ಮುಗಿಯುತ್ತದೆ, ಸಿಎಸ್‌ಐ (ದಕ್ಷಿಣ ಭಾರತ ಸಭೆ), ಮೆಥಡಿಸ್ಟ್ ಆರಾಧನೆ ಹನ್ನೊಂದೂವರೆಯೊಳಗೆ. ಪೆಂತೆಕೋಸ್ತು ಸಭೆ ಎದ್ದೇಳುವುದು ಒಂದೂವರೆ, ಎರಡಕ್ಕೆ. ಅವರು ಊಟ ಮಾಡಿ ಬರುವ ಲೆಕ್ಕ ಹಿಡಿದೇ ಮೂರು. ತಿಂಗಳ ಮೊದಲ ಭಾನುವಾರ ಪ್ರಭು ಭೋಜನದಿಂದ (ರೊಟ್ಟಿ, ದ್ರಾಕ್ಷಾರಸ ಹಂಚುವ ವಿಧಿ) ಆರಾಧನೆ ಮುಕ್ಕಾಲು ಗಂಟೆ ಉದ್ದವಾಗುತ್ತದೆ, ಅವತ್ತು ಎರಡೇ ಮ್ಯಾಚ್. ಬೇರೆ ವಾರ ಮೂರು. 21 ಪಾಯಿಂಟಿನ ಸೆಟ್, ಮೂರರಲ್ಲಿ ಎರಡು, ಮೂರನೆಯದು 15ಕ್ಕೆ. ಒಂದು ಮ್ಯಾಚಿಗೆ ಹೆಚ್ಚುಕಡಿಮೆ 40 ನಿಮಿಷ. 25ರ ಸೆಟ್ ಫೈನಲಿಗೆ ಮಾತ್ರ, ಇಲ್ಲದಿದ್ದರೆ ಮೂರನೇ ಮ್ಯಾಚು ಕತ್ತಲಲ್ಲಿ ಮುಗಿಯುತ್ತದೆ. ಫ್ಲಡ್‌ಲೈಟ್ ಬಾಡಿಗೆ ತರುವ ಆಸೆ ಬೇಡ. ಜನರೇಟರ್, ಡೀಸೆಲ್ ಸೇರಿ ಒಂದು ಸಂಜೆಗೆ ಐದಾರು ಸಾವಿರ ನುಂಗುತ್ತದೆ, ದೀಪದ ಹುಳುಗಳು ಬೇರೆ ಮುತ್ತುತ್ತವೆ. ಮಗ್ರಿಬ್, ಅಂದರೆ ಸೂರ್ಯ ಮುಳುಗಿದ ಮೇಲಿನ ನಮಾಜಿನ ಹೊತ್ತಿಗೆ ಆಟ ಮುಗಿದರೆ ಟೀಮಿನಲ್ಲಿರುವ ಮುಸ್ಲಿಂ ಹುಡುಗರಿಗೂ ಅನುಕೂಲ.

ಹಿರಿಯರ ತಕರಾರು ಎರಡು ತರಹ. ಬೈಬಲಿನಲ್ಲಿ ತಿಮೊಥೆಗೆ ಬರೆದ ಪತ್ರದಲ್ಲಿ ದೇಹಸಾಧನೆಯಿಂದ ಸ್ವಲ್ಪವೇ ಪ್ರಯೋಜನ ಅಂತಿದೆಯಲ್ಲ ಅನ್ನುವುದು ಒಂದು. ಇನ್ನೊಂದು ಸ್ಕಾಟ್ಲೆಂಡಿನ ಓಟಗಾರ ಎರಿಕ್ ಲಿಡೆಲ್. 1924ರ ಪ್ಯಾರಿಸ್ ಒಲಿಂಪಿಕ್ಸಿನಲ್ಲಿ 100 ಮೀಟರ್ ಹೀಟ್ಸ್ ಭಾನುವಾರ ಇದ್ದದ್ದಕ್ಕೆ ಓಡಲ್ಲ ಅಂದು, 400 ಮೀಟರ್ ಓಡಿ 47.6 ಸೆಕೆಂಡಿಗೆ ಚಿನ್ನ ಗೆದ್ದವನು. ಸಂಡೇ ಸ್ಕೂಲಿನಲ್ಲಿ ಈ ಕಥೆ ಅಲ್ಲಿಗೇ ನಿಲ್ಲುತ್ತದೆ. ಅವನು ಆಮೇಲೆ ಚೀನಾಕ್ಕೆ ಮಿಷನರಿಯಾಗಿ ಹೋದ, ಯುದ್ಧದಲ್ಲಿ ಜಪಾನಿಯರ ವೈಶಿಯೆನ್ ಬಂಧನ ಶಿಬಿರದಲ್ಲಿದ್ದು 1945ರಲ್ಲಿ ಅಲ್ಲೇ ತೀರಿಕೊಂಡ. ಆ ಶಿಬಿರದಲ್ಲಿ ಮಕ್ಕಳಿಗೆ ಆಟ ಆಡಿಸುತ್ತಿದ್ದವನೇ ಅವನು. ಭಾನುವಾರ ಹುಡುಗರು ತಾವಾಗಿಯೇ ಆಡಲು ಇಳಿದು ಹೊಡೆದಾಡಿಕೊಂಡಾಗ, ಮುಂದಿನ ಭಾನುವಾರ ತಾನೇ ರೆಫರಿಯಾಗಿ ನಿಂತ ಅಂತ ಶಿಬಿರದಲ್ಲಿದ್ದವರು ಹೇಳಿದ್ದಾರೆ. ಕಮಿಟಿ ಮೀಟಿಂಗಿನಲ್ಲಿ ಇದನ್ನು ಹೇಳಿದರೆ ಅರ್ಧ ಗದ್ದಲ ಇಳಿಯುತ್ತದೆ. ಉಳಿದರ್ಧಕ್ಕೆ ವಾಲಿಬಾಲಿನ ಹುಟ್ಟು ಸಾಕು. 1895ರಲ್ಲಿ ಅಮೆರಿಕದ ಹೋಲಿಯೋಕ್‌ನಲ್ಲಿ ವೈಎಂಸಿಎ (ಕ್ರೈಸ್ತ ಯುವಕರ ಸಂಘ) ನಿರ್ದೇಶಕ ವಿಲಿಯಂ ಮಾರ್ಗನ್ ಇದನ್ನು ಕಟ್ಟಿದ್ದು, ಬ್ಯಾಸ್ಕೆಟ್‌ಬಾಲಿನ ದಣಿವು ತಾಳದ ನಡುವಯಸ್ಸಿನ ವ್ಯಾಪಾರಸ್ಥರಿಗಾಗಿ. ಬ್ಯಾಸ್ಕೆಟ್‌ಬಾಲ್ ಕೂಡ 1891ರಲ್ಲಿ ವೈಎಂಸಿಎ ಟ್ರೇನಿಂಗ್ ಸ್ಕೂಲಿನಲ್ಲೇ ಹುಟ್ಟಿದ್ದು. ಮದ್ರಾಸಿನಲ್ಲಿ ಹ್ಯಾರಿ ಬಕ್ 1920ರಲ್ಲಿ ಶುರುಮಾಡಿದ ವೈಎಂಸಿಎ ಕಾಲೇಜಿನಲ್ಲಿ ಕಲಿತು ಬಂದ ಪಿಇ ಮಾಸ್ತರರನ್ನು ದಕ್ಷಿಣದ ಶಾಲೆಗಳೆಲ್ಲ ಕಂಡಿವೆ. "ಆಟ ಹೊರಗಿಂದು ಅಂತೀರಲ್ಲ ಅಣ್ಣಾರೆ, ಇದು ನಮ್ಮ ಮನೀದೇ" ಅಂದರೆ ನಕ್ಕು ಸುಮ್ಮನಾಗುತ್ತಾರೆ. ಹಿರಿಯರಲ್ಲಿ ಮೊದಲು ಯಾರ ಮನೆಗೆ ಹೋಗಬೇಕು ಅನ್ನುವುದಕ್ಕೂ ಒಂದು ಕ್ರಮ ಇದೆ. ಅದನ್ನು ಬರೆಯುವ ಹಾಗಿಲ್ಲ, ಅವರೂ ಓದುತ್ತಾರೆ.

ಇನ್ನು ಅಂಗಳ. ಚರ್ಚ್ ಕಾಂಪೌಂಡು ಎರೆಮಣ್ಣಾದರೆ ಬೇಸಿಗೆಯಲ್ಲಿ ಬಿರುಕಿಗೆ ಕಾಲು ಸಿಕ್ಕುತ್ತದೆ, ಮಳೆಯಲ್ಲಿ ಚಪ್ಪಲಿ ಬರುವುದಿಲ್ಲ. ಆಟದ ಜಾಗ 18 ಮೀಟರ್‌ಗೆ 9, ಸುತ್ತ 3 ಮೀಟರ್ ಬಿಟ್ಟರೆ 24ಕ್ಕೆ 15. ಮೇಲಿನ ಸಡಿಲ ಮಣ್ಣು ಕೆರೆದು ನಾಲ್ಕಿಂಚು ಗರಸು, ಅಂದರೆ ಹರಳು ಮಣ್ಣು, ಹರಡಲು ಟ್ರ್ಯಾಕ್ಟರ್ ಟ್ರಾಲಿ 14-15 ಟ್ರಿಪ್ ಬೇಕಾಗುತ್ತದೆ. ನಾವು ಹೊಡೆಸಿದಾಗ ಟ್ರಿಪ್ಪಿಗೆ ಒಂಬತ್ತು ನೂರರ ಆಸುಪಾಸು ಇತ್ತು. ಎರಡು ಪದರವಾಗಿ ಹಾಕಿ, ಪ್ರತಿ ಪದರಕ್ಕೂ ನೀರು ಹೊಡೆದು, ಮರುದಿನ ರೋಲರ್ ಓಡಿಸಬೇಕು. ಒಂದೇ ಸಲ ನಾಲ್ಕಿಂಚು ಸುರಿದು ರೋಲರ್ ಓಡಿಸಿದರೆ ಮೇಲೆ ಗಟ್ಟಿ, ಒಳಗೆ ಪುಡಿ. ತಿಂಗಳೊಳಗೆ ನೆಟ್ಟಿನ ಕೆಳಗೆ ಕುಳಿ ಬೀಳುತ್ತದೆ, ಪಾದ ಉಳುಕುವುದು ಅಲ್ಲೇ.

ಕೋರ್ಟಿನ ಉದ್ದ ಉತ್ತರ-ದಕ್ಷಿಣ. ಇದು ಎಲ್ಲರಿಗೂ ಗೊತ್ತು. ಆದರೆ ಜನವರಿಯ ಮಧ್ಯಾಹ್ನ ಸೂರ್ಯ ನೈಋತ್ಯಕ್ಕೆ ಇಳಿಯುತ್ತಾನೆ, ನೇರ ಉತ್ತರ-ದಕ್ಷಿಣ ಇಟ್ಟರೆ ಉತ್ತರದ ಕಡೆ ನಿಂತವರ ಕಣ್ಣಿಗೆ ಹೊಡೆಯುತ್ತದೆ. ಉತ್ತರದ ತುದಿಯನ್ನು ಹತ್ತು-ಹದಿನೈದು ಡಿಗ್ರಿ ಪಡುವಣಕ್ಕೆ ತಿರುಗಿಸಿದರೆ ಇಬ್ಬರಿಗೂ ಬಿಸಿಲು ಪಕ್ಕದಿಂದ. ಚರ್ಚ್ ಕಟ್ಟಡದ ಮೂಡಣಕ್ಕೆ ಕೋರ್ಟ್ ಹಾಕಿದರೆ ಸಂಜೆ ನೆರಳು ಸಿಗುತ್ತದೆ ಅಂತ ಖುಷಿಪಡಬೇಡಿ. ಅರ್ಧ ಕೋರ್ಟ್ ನೆರಳು, ಅರ್ಧ ಬಿಸಿಲು ಆದ ಆ ಇಪ್ಪತ್ತು ನಿಮಿಷ ಸರ್ವಿಸ್ ರಿಸೀವ್ ಮಾಡುವವನಿಗೆ ಬಾಲ್ ಕಾಣುವುದಿಲ್ಲ. ಆ ಹೊತ್ತಿಗೆ ಕೋರ್ಟಿಗೆ ನೀರು ಹೊಡೆಯುವ ಬ್ರೇಕ್ ಬರುವ ಹಾಗೆ ಮ್ಯಾಚ್ ಹೊಂದಿಸಿ. ಈ ಬ್ರೇಕಿಗೆ ಇನ್ನೊಂದು ಉಪಯೋಗವೂ ಇದೆ, ಮುಂದೆ ಹೇಳುತ್ತೇನೆ.

ಕಂಬಗಳನ್ನು ಕಾಂಕ್ರೀಟಿನಲ್ಲಿ ಖಾಯಂ ಹೂಳಿದರೆ ಕಮಿಟಿ ಒಪ್ಪುವುದಿಲ್ಲ. ಉಜ್ಜೀವನ ಕೂಟಕ್ಕೆ, ಮದುವೆಗೆ ಶಾಮಿಯಾನ ಹಾಕುವ ಜಾಗ ಅದೇ. ನಾಲ್ಕಿಂಚಿನ ಪೈಪಿನ ತುಂಡನ್ನು ಎರಡೂವರೆ ಅಡಿ ಆಳಕ್ಕೆ ಕಾಂಕ್ರೀಟಿನಲ್ಲಿ ಕೂರಿಸಿ, ಬಾಯಿಗೆ ಮುಚ್ಚಳ ಮಾಡಿಸಿ. ಮೂರಿಂಚಿನ ಜಿಐ ಪೈಪು, ದಪ್ಪ ಮೀಡಿಯಂ ಕ್ಲಾಸ್, ಉದ್ದ 11 ಅಡಿ, ಅದರೊಳಗೆ ಇಳಿಯುತ್ತದೆ. ಸುತ್ತ ಬೆರಳು ಹೋಗದಷ್ಟು ಸಂದಿ ಉಳಿಯುತ್ತದೆ, ಅದಕ್ಕೆ ಜಾಲಿ ಮರದ ಬೆಣೆ ಬಡಿಯಿರಿ. ಬೆಣೆ ಇಲ್ಲದಿದ್ದರೆ ಕಂಬ ಒಳಕ್ಕೆ ವಾಲಿ ನೆಟ್ಟಿನ ನಡು ಇಳಿಯುತ್ತದೆ. ನೈಲಾನ್ ಹಗ್ಗ ಬಿಸಿಲಿಗೆ ಸಡಿಲಾಗುತ್ತದೆ, ಮೂರು ಗಂಟೆಗೆ ಬಿಗಿದದ್ದು ನಾಲ್ಕೂವರೆಗೆ ಜೋಲು. ಉಕ್ಕಿನ ತಂತಿ, ಒಂದು ಕಡೆ ಟರ್ನ್‌ಬಕಲ್ (ತಂತಿ ಬಿಗಿಯುವ ತಿರುಪು) ಹಾಕಿ. ಗಂಡಸರಿಗೆ 2.43 ಮೀಟರ್ ಎತ್ತರವನ್ನು ನಡುವಿನಲ್ಲಿ ಅಳೆಯಿರಿ, ಎರಡೂ ಅಂಚು ಸಮ ಇರಬೇಕು, ಅಂಚಿನಲ್ಲಿ 2 ಸೆಂಟಿಮೀಟರಿಗಿಂತ ಹೆಚ್ಚು ಏರಬಾರದು. ಅಳತೆ ಗುರುತು ಮಾಡಿದ ಬಿದಿರು ಕೋಲನ್ನು ಸ್ಕೋರರ್ ಟೇಬಲಿನ ಪಕ್ಕವೇ ಇಡಿ. ಸೋಲುವ ಟೀಮು ಮೊದಲು ಬೈಯುವುದು ನೆಟ್ಟನ್ನು.

ಈಗ ದುಡ್ಡು. ಕ್ಯಾಶ್ ಪ್ರೈಜ್ ಇಟ್ಟಿದ್ದ ಕಾಲದ ಲೆಕ್ಕ: ಮೊದಲ ಬಹುಮಾನ 15 ಸಾವಿರ, ಎರಡನೆಯದು 8 ಸಾವಿರ, ಶಾಮಿಯಾನ, ಮೈಕು, ಊಟ ಸೇರಿ ಎರಡು ದಿನಕ್ಕೆ 40 ಸಾವಿರ ದಾಟುತ್ತಿತ್ತು. ಆಡಿದವರು ಯಾರು? ಹೊಸಪೇಟೆ, ಗಂಗಾವತಿ, ಆಂಧ್ರದ ಗಡಿ ಕಡೆಯಿಂದ ದಿನಕ್ಕೆ ಐನೂರು, ಸಾವಿರ ಕೊಟ್ಟು ಕರೆಸಿದ ಸ್ಮ್ಯಾಷರುಗಳು. ಸಭೆಯ ಹುಡುಗರು ಬೆಂಚು ಕಾದು, ನೀರಿನ ಬಾಟಲಿ ಎತ್ತಿದರು. ಫೈನಲ್ ಆದಮೇಲೆ ಗಲಾಟೆ ಬೇರೆ. ದುಡ್ಡು ತೆಗೆದ ಮೊದಲ ಸೀಸನ್ನಿಗೆ ಟೀಮು ಕಡಿಮೆಯಾದದ್ದು ನಿಜ, ಐದೋ ಆರೋ ಬಂದಿದ್ದವು. ಮುಂದಿನ ಸಲ ಎಂಟು ತುಂಬಿತು, ಯಾಕೆಂದರೆ ಒಂದು ಟೀಮಿಗೆ ಮೂರು ಮ್ಯಾಚ್ ಗ್ಯಾರಂಟಿ. ನಾಕೌಟಿನಲ್ಲಿ ಬೆಳಿಗ್ಗೆ ಸೋತು ಮನೆಗೆ ಹೋಗುವ ಹುಡುಗ ಬಸ್ ಚಾರ್ಜಿಗೂ ಗೊಣಗುತ್ತಾನೆ.

ಪ್ರವೇಶ ಫೀ 500 ರೂಪಾಯಿ, ಅದು ವಾಪಸಿಲ್ಲ. ಅದರ ಮೇಲೆ 500 ಡಿಪಾಜಿಟ್, ಇದೇ ಇಡೀ ಲೀಗಿನ ಮೊಳೆ. ವಾಕ್‌ಓವರ್ ಕೊಟ್ಟರೆ, ಅಥವಾ ತಮ್ಮ ಡ್ಯೂಟಿ ತಪ್ಪಿಸಿದರೆ ಡಿಪಾಜಿಟ್ ಹೋಯಿತು. ಡ್ಯೂಟಿ ಅಂದರೆ ತಮ್ಮದಲ್ಲದ ಮ್ಯಾಚಿಗೆ ಇಬ್ಬರು ಲೈನ್‌ಮನ್, ಒಬ್ಬ ಸ್ಕೋರರ್, ನೀರು ಹೊಡೆಯಲು ನಾಲ್ಕು ಜನ. ಈ ದುಡ್ಡು ಯೂತ್ ಸೆಕ್ರೆಟರಿ ಹತ್ತಿರ ಇದ್ದರೆ ಸ್ನೇಹಕ್ಕೆ ಕರಗುತ್ತದೆ. ನಾವು ಇಡುವುದು ಪಾಸ್ಟರಮ್ಮನ ಹತ್ತಿರ, ಟೀಮಿನ ಹೆಸರು ಬರೆದ ಲಕೋಟೆಯಲ್ಲಿ. ಆಯಮ್ಮನ ಎದುರು ನಿಂತು "ಅಮ್ಮಾ, ಅವತ್ತು ನಮ್ಮವರು ಯಾಕೆ ಬರಲಿಲ್ಲ ಅಂದ್ರ..." ಅಂತ ಶುರುಮಾಡುವ ಧೈರ್ಯ ಯಾವ ಕ್ಯಾಪ್ಟನ್ನಿಗೂ ಇಲ್ಲ.

ಒಂದು ಸೀಸನ್ನಿನ ಖರ್ಚು ನೆನಪಿನಿಂದ ಹೇಳುವುದಾದರೆ 18 ಸಾವಿರದ ಸುತ್ತ. ಇಬ್ಬರು ರೆಫರಿಗಳಿಗೆ ತಲಾ 300, ಮೂರು ಬಾಲಿಗೆ ಮೂರು ಸಾವಿರದ ಚಿಲ್ಲರೆ, ನೆಟ್ಟು, ತಂತಿ, ಸುಣ್ಣ, ಫಸ್ಟ್ ಏಡ್. ದೊಡ್ಡ ಪಾಲು ತಿನ್ನುವುದು ಒಗ್ಗರಣೆ-ಮಿರ್ಚಿ, ವಾರಕ್ಕೆ 1,200. ಬಹುಮಾನಕ್ಕೆ ರೋಲಿಂಗ್ ಶೀಲ್ಡು, ಜೊತೆಗೆ ಗೆದ್ದ ಟೀಮಿನವರಿಗೆ ನೀ-ಪ್ಯಾಡು, ಬಾಲು. ಆದಾಯ: ಫೀ 4 ಸಾವಿರ, ಸಭೆಗಳ ಕಾಣಿಕೆ ಏಳರ ತನಕ, ಮಹಿಳಾ ಸಂಘದ ಚಾ ಅಂಗಡಿ ಐದರ ಹತ್ತಿರ. ಎರಡು ಸಾವಿರ ಕಮ್ಮಿ ಬೀಳುತ್ತದೆ, ಅದನ್ನು ತುಂಬಿಸುವವರು ಯಾರಾದರೂ ಸಿಗುತ್ತಾರೆ. ರಾಜಕೀಯದವರ ಬ್ಯಾನರ್ ಮಾತ್ರ ಬೇಡ, ಒಮ್ಮೆ ಕಟ್ಟಿದರೆ ಉದ್ಘಾಟನಾ ಭಾಷಣಕ್ಕೆ ಒಂದು ಮ್ಯಾಚ್ ಹೋಗುತ್ತದೆ. ಕೋರ್ಟಿನ ಖರ್ಚು ಬೇರೆ, ಒಂದೇ ಸಲದ್ದು, 25 ಸಾವಿರದ ಆಸುಪಾಸು.

ಟೀಮು ಕಟ್ಟುವುದರಲ್ಲಿ ಹೆಚ್ಚಿನವರು ಸೋಲುತ್ತಾರೆ. ಸಭೆಗೊಂದು ಟೀಮು ಮಾಡಿದರೆ ನೆಟ್ಟಿನ ಎರಡೂ ಕಡೆ ಎರಡು ಪಂಗಡ ನಿಲ್ಲುತ್ತವೆ. ಒಂದು ಲೈನ್ ಕಾಲ್ ತಪ್ಪಿದರೆ ಸಾಕು, ದೀಕ್ಷಾಸ್ನಾನ ಮುಳುಗಿಸಿ ಕೊಡಬೇಕೋ ಚಿಮುಕಿಸಿ ಕೊಡಬೇಕೋ ಅನ್ನುವ ಜಗಳವೂ ಅದರ ಹಿಂದೆಯೇ ಬರುತ್ತದೆ. ನಮ್ಮಲ್ಲಿ ಟೀಮಿಗೆ ನದಿ, ಹಳ್ಳದ ಹೆಸರು: ಕೃಷ್ಣಾ, ತುಂಗಭದ್ರಾ, ಹಗರಿ, ಹಿರೇಹಳ್ಳ, ನಾರಿಹಳ್ಳ ಹೀಗೆ. ಹತ್ತು ಜನರಲ್ಲಿ ಒಂದೇ ಸಭೆಯವರು ನಾಲ್ಕಕ್ಕಿಂತ ಹೆಚ್ಚಿಲ್ಲ, ಹೊರಗಿನವರು, ಅಂದರೆ ಹಿಂದೂ, ಮುಸ್ಲಿಂ ಗೆಳೆಯರು, ಕನಿಷ್ಠ ಇಬ್ಬರು. ಸೆಟ್ಟರ್ ಮತ್ತು ಮುಖ್ಯ ಸ್ಮ್ಯಾಷರ್ ಒಂದೇ ಸಭೆಯವರಾಗಬಾರದು. ಲಿಫ್ಟ್ ಕೊಡುವವನಿಗೂ ಹೊಡೆಯುವವನಿಗೂ ಮಾತು ಬೇಕೇ ಬೇಕು, ಮೂರನೇ ವಾರಕ್ಕೆ ಒಬ್ಬರ ಮನೆಯಲ್ಲಿ ಇನ್ನೊಬ್ಬರು ಊಟ ಮಾಡುತ್ತಿರುತ್ತಾರೆ. ಚೀಟಿ ಎತ್ತಿಯೇ ಹಂಚುತ್ತೇವೆ, ಆದರೂ ಎಂಟು ಟೀಮು ಸಮಬಲ ಬರುತ್ತವೆ. ಚೀಟಿಗಳನ್ನು ಎಷ್ಟು ಡಬ್ಬಿಯಲ್ಲಿ, ಹೇಗೆ ಇಡುತ್ತೇವೆ ಅನ್ನುವುದು ನಮ್ಮ ಹತ್ತಿರವೇ ಇರಲಿ.

ಪ್ರಾರ್ಥನೆ, ಸಂದೇಶದ ವಿಷಯಕ್ಕೆ ಬರೋಣ. ಆರಾಧನೆಗೆ ಬಂದವರಿಗೆ ಮಾತ್ರ ಆಟ ಅನ್ನುವ ರೂಲು ಎಲ್ಲ ಕಡೆ ಮೊದಲು ಹಾಕುತ್ತಾರೆ. ಫಲ ಇಷ್ಟೇ: ಹುಡುಗರು ರಿಜಿಸ್ಟರಿಗೆ ಸಹಿ ಹಾಕಿ ಹೊರಗೆ ಬೈಕಿನ ಮೇಲೆ ಮೊಬೈಲ್ ನೋಡುತ್ತಾ ಕೂರುತ್ತಾರೆ. ಆ ರೂಲು ತೆಗೆಯಿರಿ. ಮ್ಯಾಚಿಗೆ ಮುಂಚೆ ಎರಡೂ ಟೀಮು ಸುತ್ತ ನಿಂತು ಜೋರಾಗಿ ಪ್ರಾರ್ಥಿಸುವುದನ್ನೂ ತೆಗೆಯಿರಿ, ಅದು ಯಾರ ಪ್ರಾರ್ಥನೆ ಗಟ್ಟಿ ಅನ್ನುವ ಪಂದ್ಯವಾಗುತ್ತದೆ. ಟಾಸ್ ಹೊತ್ತಿಗೆ ಅರ್ಧ ನಿಮಿಷ, ಒಬ್ಬರೇ, ಕೈಕಾಲು ಸುರಕ್ಷಿತವಾಗಿರಲಿ ಅಂತ. ಗೆಲುವಿನ ಮಾತೇ ಬರಬಾರದು. ಬೇರೆ ಧರ್ಮದ ಹುಡುಗರು ಸುಮ್ಮನೆ ನಿಲ್ಲಬಹುದು, ದೂರ ಹೋಗಿ ವಾರ್ಮ್‌ಅಪ್ ಮಾಡಬಹುದು. ಅಂಗಳದಲ್ಲಿ ಹಂಚುಪತ್ರ ಇಲ್ಲ. ಇದನ್ನು ಎರಡು ಸಾಲಿನಲ್ಲಿ ಬರೆದು ಪೊಲೀಸ್ ಠಾಣೆಗೆ ಕೊಟ್ಟ ಪತ್ರದಲ್ಲೇ ಸೇರಿಸಿದ್ದೇವೆ, ಯಾರೂ ಬೊಟ್ಟು ಮಾಡಿಲ್ಲ.

ಸಂದೇಶಕ್ಕೆ ಎರಡನೇ ಮತ್ತು ಮೂರನೇ ಮ್ಯಾಚಿನ ನಡುವಿನ ನೀರಿನ ಬ್ರೇಕು. ಧೂಳು ಕೂರಲು 15-20 ಕೊಡ ನೀರು ಚಿಮುಕಿಸಿ, ಹೀರುವ ತನಕ ಕಾಯಬೇಕು, ಒಟ್ಟು ಹತ್ತು-ಹನ್ನೆರಡು ನಿಮಿಷ. ಅದರಲ್ಲಿ ಏಳು ನಿಮಿಷ ಪಾಸ್ಟರೋ ಫಾದರೋ ಮಾತಾಡುತ್ತಾರೆ. ಮೈಕ್ ಇಲ್ಲ, ಮೈಕ್ ಕೊಟ್ಟರೆ ಏಳು ಇಪ್ಪತ್ತೇಳಾಗುತ್ತದೆ. ಕೋರ್ಟ್ ಒಣಗಿದೊಡನೆ ರೆಫರಿ ಸೀಟಿ ಊದುತ್ತಾರೆ, ಬೋಧಕರು ಯಾರೇ ಆದರೂ ನಿಲ್ಲಿಸಲೇಬೇಕು. ಚೆನ್ನಾಗಿ ಹಿಡಿಸುವ ವಿಷಯ ಪೌಲ ಕೊರಿಂಥದವರಿಗೆ ಬರೆದ ಮೊದಲ ಪತ್ರದ ಒಂಬತ್ತನೇ ಅಧ್ಯಾಯ, ಓಟಗಾರರ ಮಾತು. ಕೊರಿಂಥದ ಪಕ್ಕದಲ್ಲೇ ಇಸ್ತಮಿಯನ್ ಕ್ರೀಡಾಕೂಟ ನಡೆಯುತ್ತಿತ್ತು, ಗೆದ್ದವರಿಗೆ ಪೈನ್ ಎಲೆಯ ಅಥವಾ ಒಣಗಿದ ಸೆಲರಿ ಸೊಪ್ಪಿನ ಕಿರೀಟ. ಬಾಡಿಹೋಗುವ ಕಿರೀಟ ಅಂತ ಪೌಲ ಅಂದದ್ದು ಯಾಕೆ ಅಂತ ಶೀಲ್ಡ್ ನೋಡುತ್ತಾ ಕೂತ ಹುಡುಗರಿಗೆ ವಿವರಿಸಬೇಕಾಗಿಲ್ಲ.

ನನ್ನ ಮಟ್ಟಿಗೆ ಆಟಕ್ಕೂ ನಂಬಿಕೆಗೂ ಗಂಟು ಬೀಳುವುದು ಪ್ರಾರ್ಥನೆಯಲ್ಲಿ ಅಲ್ಲ, ಬ್ಲಾಕ್ ಟಚ್‌ನಲ್ಲಿ. ಸ್ಮ್ಯಾಶ್ ಹೊರಗೆ ಹೋಯಿತು, ಬ್ಲಾಕರ್ ಬೆರಳಿಗೆ ತಾಗಿತೋ ಇಲ್ಲವೋ ರೆಫರಿಗೆ ಕಾಣಲಿಲ್ಲ. ತಾಗಿದ್ದು ಅವನೊಬ್ಬನಿಗೇ ಗೊತ್ತು. ಅವನು ತಾನಾಗಿ ಕೈ ಎತ್ತಿದರೆ ಪಾಯಿಂಟ್ ಎದುರಾಳಿಗೆ, ಆದರೆ ಲೀಗಿನ ಪಾಯಿಂಟ್ ಪಟ್ಟಿಯಲ್ಲಿ ಅವನ ಟೀಮಿಗೆ ನಡತೆಯ ಅರ್ಧ ಪಾಯಿಂಟು. ಅಂತರರಾಷ್ಟ್ರೀಯ ವಾಲಿಬಾಲಿನಲ್ಲೂ ಈಚೆಗೆ ಹೀಗೆ ಒಪ್ಪಿದವರಿಗೆ ಹಸಿರು ಕಾರ್ಡು ಬಂದಿದೆ. ಮೊದಲು ಪ್ರತಿ ಒಪ್ಪಿಗೆಗೂ ಕೊಡುತ್ತಿದ್ದೆವು, ವ್ಯಾಪಾರವಾಯಿತು. 18-6ರಲ್ಲಿ ಮುಂದಿರುವವನು ತಾಗದಿದ್ದರೂ ಕೈ ಎತ್ತುತ್ತಿದ್ದ. ಈಗ ಎರಡೂ ಟೀಮು 17 ಮುಟ್ಟಿದ ಮೇಲಿನದ್ದು ಮಾತ್ರ ಲೆಕ್ಕ, ಮ್ಯಾಚಿಗೆ ಒಂದೇ ಸಲ. 19-19ರಲ್ಲಿ ಕೈ ಎತ್ತುವುದು ಸುಲಭವಲ್ಲ. ಎತ್ತಿದಾಗ ಟೀಮಿನವರು ಮೊದಲು ತಲೆ ಚಚ್ಚಿಕೊಳ್ಳುತ್ತಾರೆ. ಗೆಲುವಿಗೆ 2-0 ಆದರೆ ಮೂರು, 2-1 ಆದರೆ ಎರಡು, 1-2ರಲ್ಲಿ ಸೋತರೆ ಒಂದು ಪಾಯಿಂಟ್ ಇರುವುದರಿಂದ ಅರ್ಧ ಪಾಯಿಂಟಿಗೆ ಗುಂಪಿನ ಎರಡನೇ ಸ್ಥಾನ ಬದಲಾದದ್ದೂ ಉಂಟು.

ನಡುವೆ ಕೆಲವು ಪ್ರಯೋಗ. ಟೆನಿಸ್ ಬಾಲ್ ಕ್ರಿಕೆಟ್ ಬೇಡ, ಹೊತ್ತು ತಿನ್ನುತ್ತದೆ, ಬೆಟ್ಟಿಂಗ್ ಹೆಜ್ಜೆಹೆಜ್ಜೆಗೆ. ಕಬಡ್ಡಿಯಲ್ಲಿ ಮೈ ತಾಗಿದೊಡನೆ ಊರಿನ ಹಳೇ ಜಗಳ ಏಳುತ್ತದೆ. ಹೆಂಗಸರಿಗೆ ಮ್ಯೂಸಿಕಲ್ ಚೇರ್ ಇಟ್ಟರೆ "ನಾವೇನ್ ಚಿಕ್ಕ ಮಕ್ಳೇನ್ರಿ?" ಅಂದರು. ಥ್ರೋಬಾಲ್ ಇಟ್ಟದ್ದು ಹಿಡಿಯಿತು. ಥ್ರೋಬಾಲಿಗೆ ಅಗಲ 12.20 ಮೀಟರ್ ಬೇಕು, ವಾಲಿಬಾಲ್ ಕೋರ್ಟು 9, ಆದ್ದರಿಂದ ಹೊರಗಡೆ ಬಣ್ಣದ ಹಗ್ಗವನ್ನು ಮೊಳೆ ಹೊಡೆದು ಎಳೆಯುತ್ತೇವೆ. ನೆಟ್ಟು 2.20ಕ್ಕೆ ಇಳಿಸಬೇಕು, ಕಂಬಕ್ಕೆ ಮೊದಲೇ ಎರಡನೇ ಕೊಂಡಿ ಬೆಸೆಯಿಸಿದ್ದರೆ ಎರಡು ನಿಮಿಷದ ಕೆಲಸ. ಫೈನಲ್ ದಿನ ಜನ ಸೇರುವುದು ಇದಕ್ಕೇ ಹೆಚ್ಚು.

ಇನ್ನೊಂದು, ಉಪವಾಸ. ಕಥೋಲಿಕರಿಗೆ ಬೂದಿ ಬುಧವಾರ, ಶುಭ ಶುಕ್ರವಾರ ಎರಡೇ ದಿನ ಕಡ್ಡಾಯ ಉಪವಾಸ, ಅದೂ 18ರಿಂದ 59 ವಯಸ್ಸಿನವರಿಗೆ, ಒಂದು ಪೂರ್ತಿ ಊಟ ಇದ್ದೇ ಇರುತ್ತದೆ. ಪೆಂತೆಕೋಸ್ತು ಹುಡುಗರಲ್ಲಿ ಕೆಲವರು ಸಂಜೆಯ ತನಕ ನೀರೂ ಮುಟ್ಟುವುದಿಲ್ಲ. ಮಾರ್ಚಿನಲ್ಲಿ ಪ್ರಾಕ್ಟೀಸಿಗೆ ಮುಂಚೆ, ಆಮೇಲೆ ತೂಕ ಹಿಡಿದು ನೋಡಿದೆವು, ಒಂದೂವರೆ ಗಂಟೆಗೆ ಒಂದರಿಂದ ಒಂದೂವರೆ ಕೆಜಿ ಇಳಿಯುತ್ತದೆ. ಅಷ್ಟೂ ಬೆವರು. 60 ಕೆಜಿಯವನಿಗೆ ಅದು ನೂರಕ್ಕೆ ಎರಡರ ಹತ್ತಿರ, ತಲೆ ತಿರುಗುವುದು, ಸೆಳೆತ ಶುರುವಾಗುವ ಮಟ್ಟ. ಹಾಗಾಗಿ ಉಪವಾಸವಿದ್ದವನು ಅವತ್ತು ಸ್ಕೋರ್ ಬರೆಯುತ್ತಾನೆ, ಜಂಪ್ ಇಲ್ಲ. ಉಳಿದವರಿಗೆ ಒಂದು ಲೀಟರ್ ನೀರಿಗೆ ಆರು ಸಮ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು. ಉಪ್ಪು ಜಾಸ್ತಿ ಹಾಕಿದರೆ ವಾಂತಿ, ಅಂದಾಜಿನಲ್ಲಿ ಹಾಕಬೇಡಿ.

ಮುಂದಿನದ್ದಕ್ಕೆ ಲೆಕ್ಕ ಈಗಲೇ ಹಾಕಿಟ್ಟಿದ್ದೇವೆ. 2027ರಲ್ಲಿ ಬೂದಿ ಬುಧವಾರ ಫೆಬ್ರವರಿ 10ಕ್ಕೆ, ಭಾನುವಾರ ಆರೇ. ಜನವರಿ 3ಕ್ಕೆ ಪ್ರಭು ಭೋಜನ, ಎರಡು ಮ್ಯಾಚ್. 10, 17, 24ರಲ್ಲಿ ಒಂದನ್ನು ಜಾತ್ರೆಗೆ ಬಿಟ್ಟರೆ ಆರು ಮ್ಯಾಚ್. ಜನವರಿ 26 ಮಂಗಳವಾರ, ಧ್ವಜ ಹಾರಿಸಿ ನೇರವಾಗಿ ಬಂದರೆ ಬೆಳಗಿನ ಹೊತ್ತಲ್ಲೇ ನಾಲ್ಕು. ಅಲ್ಲಿಗೆ ನಾಲ್ಕರ ಎರಡು ಗುಂಪಿನ ಹನ್ನೆರಡೂ ಮುಗಿದವು. 31ಕ್ಕೆ ಸೆಮಿಫೈನಲ್ ಎರಡು, ಫೆಬ್ರವರಿ 7ಕ್ಕೆ ಥ್ರೋಬಾಲ್, ಫೈನಲ್. ಮಳೆಗಾಲದಲ್ಲಿ ಕೊಚ್ಚಿದ ಗರಸಿಗೆ ಡಿಸೆಂಬರ್ ಮೊದಲ ವಾರವೇ ಎರಡು ಟ್ರಿಪ್ ಹೇಳಿಡಬೇಕು, ಕೊಯ್ಲಿಗೆ ಹೋದ ಟ್ರ್ಯಾಕ್ಟರುಗಳು ಆಮೇಲೆ ಕೈಗೆ ಸಿಗುವುದಿಲ್ಲ.